ಗೆಲ್ಲಿಸಿದವರು ಊರಿನವರೇ?



ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಗೋಧಿ ಬಯಲಿನಲ್ಲಿ ಇಂಡಿಯನ್ ಹೆಡ್ ಎಂಬ ಪುಟ್ಟ ಪಟ್ಟಣವಿದೆ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ನಗದು ಬಹುಮಾನದ ಬೇಸ್‌ಬಾಲ್ ಪಂದ್ಯಾವಳಿಗಳು ನಡೆದವು. ಜನ ಜಾತ್ರೆಗೆಂಬಂತೆ ನೆರೆಯುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಪ್ಪು ವರ್ಣದ ಆಟಗಾರರು ‘ರಾಕೆಟ್ಸ್’ ಎಂಬ ಹೆಸರಿನಲ್ಲಿ ಆ ಊರಿನ ಪರವಾಗಿ ಆಡಿದರು. 1947ರಲ್ಲಿ ಜಾಕಿ ರಾಬಿನ್‌ಸನ್ ಮೇಜರ್ ಲೀಗ್ ಪ್ರವೇಶಿಸಿದ್ದರೂ ಆ ಬಾಗಿಲು ತೆರೆದದ್ದು ಕೆಲವರಿಗೆ ಮಾತ್ರ. ಕಪ್ಪು ವರ್ಣೀಯರ ಲೀಗುಗಳೋ ಕ್ಷೀಣಿಸುತ್ತಿದ್ದವು. ತವರಿನ ಹೋಟೆಲುಗಳಲ್ಲಿ ಬಿಳಿಯರ ಪಂಕ್ತಿಗೆ ಸಲ್ಲದವರು ಇಲ್ಲಿ ಬಿಳಿಯರ ಊರಿನ ಮಾನ ಕಾಯುವವರಾದರು.

ಆದರೆ ಈ ಆದರ ಬೇಸಿಗೆಯ ಆಟಕ್ಕೆ ಸಂದದ್ದು. ಗೆಲ್ಲಿಸುವವನನ್ನು ನಮ್ಮವನೆನ್ನುವುದು ಸುಲಭ. ನೆರೆಯವನಾಗಿ ನೆಲೆಸಬಂದಾಗಲೂ ಹಾಗೆನ್ನುವೆವೆ? ವರ್ಗಾವಣೆಗಳಲ್ಲಿ ಊರೂರು ಕಂಡ ನನಗೆ ಈ ಪ್ರಶ್ನೆ ದೂರದ್ದೆನಿಸುವುದಿಲ್ಲ. ಅತಿಥೇಯರನ್ನು ಮಾತ್ರವಲ್ಲ, ನಮ್ಮನ್ನೂ ನಾವು ಕೇಳಿಕೊಳ್ಳೋಣ.