ರಕ್ತನಾಳಗಳ ಬೆಳವಣಿಗೆಯೂ ಅದರ ನಿಗ್ರಹವೂ



ಪ್ರೋಟೀನೆಂದರೆ ಬೇಳೆಕಾಳುಗಳಲ್ಲಿ ದೊರೆಯುವ ಆಹಾರಾಂಶವೆಂದಷ್ಟೇ ನಾವು ಬಲ್ಲೆವು. ಶರೀರದಲ್ಲಿ ಒಂದು ಜೀವಕಣದಿಂದ ಇನ್ನೊಂದಕ್ಕೆ ಆಜ್ಞೆಯನ್ನು ಮುಟ್ಟಿಸುವುವೂ ಬಹುಮಟ್ಟಿಗೆ ಪ್ರೋಟೀನುಗಳೇ. ರಕ್ತನಾಳದ ಒಳಮೈಗೆ ಒಂದೇ ಪದರದ ಜೀವಕಣಗಳ ಹೊದಿಕೆಯುಂಟು. ಪ್ರಾಯಕ್ಕೆ ಬಂದವರಲ್ಲಿ ಇವು ಸಾಮಾನ್ಯವಾಗಿ ಸುಮ್ಮನಿರುವುವು. ಗಾಯವಾಗಿಯೋ ಬೇರೆ ಕಾರಣದಿಂದಲೋ ಒಂದು ಭಾಗಕ್ಕೆ ಆಮ್ಲಜನಕವು ಸಾಲದೆ ಹೋದರೆ, ಅಲ್ಲಿಯ ಕಣಗಳು ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಹೊರಸೂಸುವುವು. ನಾಳದ ಕಣದ ಮೈಮೇಲೆ ಇದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಇರುವುದು. ಹಿಡಿದೊಡನೆ ಕಣವು ಎಚ್ಚತ್ತು, ಸೂಕ್ಷ್ಮವಾದ ಎಳೆಗಳನ್ನು ಚಾಚಿ, ಕರೆ ಬಂದ ದಿಕ್ಕಿಗೆ ಹೊರಡುವುದು.

ಆದರೆ ಕರೆಯು ನೆರೆಯ ಕಣಗಳಿಗೂ ಮುಟ್ಟುವುದಷ್ಟೆ? ಎಲ್ಲವೂ ಮುಂದಾಳುಗಳಾಗಿ ಹೊರಟರೆ ಕೊಳವೆಯನ್ನು ಕಟ್ಟುವವರಾರು? ತೇರಿನ ಮಿಣಿಯನ್ನು ಎಲ್ಲರೂ ಮುಂದುಗಡೆಯೇ ಹಿಡಿಯಬಯಸಿದರೆ ಏನಾಗುವುದೆಂದು ಜಾತ್ರೆಯನ್ನು ಕಂಡವರಿಗೆ ಹೇಳಬೇಕಾದುದಿಲ್ಲ. ಅದಕ್ಕಾಗಿ ಮುಂದಾದ ಕಣವು ಡಿ.ಎಲ್.ಎಲ್.-4 ಎಂಬ ಇನ್ನೊಂದು ಪ್ರೋಟೀನನ್ನು ತನ್ನ ಮೈಮೇಲೆ ಹೆಚ್ಚಾಗಿ ಧರಿಸುವುದು. ಇದು ರಕ್ತದಲ್ಲಿ ತೇಲಿಹೋಗದೆ ಪೊರೆಗೆ ಅಂಟಿಕೊಂಡಿದ್ದು, ಮಗ್ಗುಲಿನ ಕಣದ ನಾಚ್ ಎಂಬ ಪ್ರೋಟೀನಿಗೆ ತಗುಲುವುದು. ತಗುಲಿದೊಡನೆ ಆ ಕಣದಲ್ಲಿ ಗ್ರಾಹಕ ಪ್ರೋಟೀನು ಕಡಮೆಯಾಗಿ, ಅದು ಹಿಂದೆ ನಿಂತು ಕೊಳವೆಯನ್ನು ಕಟ್ಟುವುದು. ಮುಂದಾಳಿನ ಸ್ಥಾನವೂ ಸ್ಥಿರವಲ್ಲ. ಹಿಂದಿನ ಕಣವು ಸರದಿಯಿಂದ ಮುಂದಕ್ಕೆ ಬರುವುದುಂಟು.

ನಾಳಗಳನ್ನು ತಡೆದರೆ ಅರ್ಬುದದ ಗಂಟು ಬೆಳೆಯಲಾರದೆಂದು ಅಮೇರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ನರು 1971ರಲ್ಲಿ ಪ್ರತಿಪಾದಿಸಿದ್ದರು. 2006ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಇಲಿಗಳ ಗಂಟುಗಳಲ್ಲಿ ಡಿ.ಎಲ್.ಎಲ್.-4ರ ತಡೆಯನ್ನು ತೆಗೆದುಹಾಕಿದಾಗ ನಾಳಗಳು ಇಮ್ಮಡಿಸಿದಂತೆ ಹಬ್ಬಿದುವು. ಆದರೂ ಅವುಗಳಲ್ಲಿ ರಕ್ತವು ಸರಿಯಾಗಿ ಹರಿಯಲಿಲ್ಲ, ಗಂಟು ಸೊರಗಿತು! ನನಗೆ ಈ ಶಾಸ್ತ್ರದಲ್ಲಿ ಇದಕ್ಕಿಂತ ಸೋಜಿಗವಾದುದು ಕಂಡಿಲ್ಲ.

ಭಕ್ತರಲ್ಲಿ ಸಕ್ಕರೆ ರೋಗವುಳ್ಳವರು ಹಲವರಿರುವುದರಿಂದ ಇನ್ನೊಂದು ಮಾತು. ಆ ರೋಗದಿಂದ ಕಣ್ಣಿನ ಅಕ್ಷಿಪಟದ ಕಿರುನಾಳಗಳು ಕೆಟ್ಟು ಮುಚ್ಚಿಹೋದರೆ, ಹಸಿದ ಅಕ್ಷಿಪಟವು ವಿ.ಇ.ಜಿ.ಎಫ್. ಅನ್ನು ಮಿತಿಮೀರಿ ಹೊರಸೂಸುವುದು. ಹುಟ್ಟುವ ಹೊಸ ನಾಳಗಳು ದುರ್ಬಲವಾಗಿದ್ದು, ಒಡೆದು ಕಣ್ಣೊಳಗೆ ರಕ್ತ ಸುರಿಸುವುವು. ದೃಷ್ಟಿಯು ಚೆನ್ನಾಗಿರುವಾಗಲೇ ಇದು ಆರಂಭವಾಗಿರಬಹುದು. ಆದುದರಿಂದ ಏನೂ ತೊಂದರೆಯಿಲ್ಲವೆಂದು ಕುಳಿತಿರದೆ, ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಅಕ್ಷಿಪಟವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಬೇಡುವೆನು. ಈಗ ಲೇಸರ್ ಚಿಕಿತ್ಸೆಯೂ, ವಿ.ಇ.ಜಿ.ಎಫ್. ಅನ್ನು ಕಟ್ಟಿಹಾಕುವ ಚುಚ್ಚುಮದ್ದೂ ಉಂಟು. ಮದ್ದನ್ನು ಕಣ್ಣಿನೊಳಕ್ಕೇ ಹಾಕುವರು, ಹೆದರಬೇಕಾದುದಿಲ್ಲ. ಒಂದು ಸಲಕ್ಕೆ ಮುಗಿಯದೆ ಹಲವು ಸಲ ಹೋಗಬೇಕಾಗುವುದು.