ಗರಡಿಯಲ್ಲಿ ಉಳಿದ ಯುದ್ಧವಿದ್ಯೆ

ಮುದನಾಳದಲ್ಲಿರಲಿ, ಶಹಾಪುರದಲ್ಲಿರಲಿ, ಈ ಮಾತು ಕೇಳುತ್ತಿರುವ ನಿಮ್ಮಲ್ಲಿ ಬಹಳ ಮಂದಿಗೆ ಸುರಪುರದ ಹತ್ತಿರದ ವಾಗಿನಗೇರಿ ದೂರದ ಊರಲ್ಲ. ದೆಹಲಿಯ ಬಾದಶಹ ಔರಂಗಜೇಬ ತಾನೇ ಮುಂದೆ ನಿಂತು ಹಾಕಿದ ಕೊನೆಯ ಮುತ್ತಿಗೆ ಅಲ್ಲಿನ ಕೋಟೆಯದು. 1705ರ ಫೆಬ್ರವರಿಯಲ್ಲಿ ಶುರುವಾಗಿ ಏಪ್ರಿಲ್ ಕೊನೆಯವರೆಗೆ ನಡೆಯಿತು. ಒಳಗಿದ್ದವರು ಅಲ್ಲಿನ ಅರಸ ಪಿಡ್ಡನಾಯಕನ ಬೇಡರ ಪಡೆಯವರು. ಮರಾಠರ ಧನಾಜಿ ಜಾಧವನ ಪಡೆ ಹೊರಗಿನಿಂದ ನೆರವಿಗೆ ಬಂದಿತ್ತು. ಕೊನೆಗೆ ನಾಯಕ ಒಂದು ರಾತ್ರಿ ಕೋಟೆ ಬಿಟ್ಟು ಪಾರಾದ. ಬಾದಶಹನ ಕೈಗೆ ಸಿಕ್ಕಿದ್ದು ಸುಟ್ಟು ಬರಿದಾದ ಕೋಟೆ. ಅಲ್ಲಿಂದ ಅವನು ದೇವಾಪುರದಲ್ಲಿ ಬೀಡುಬಿಟ್ಟ, ಅಲ್ಲೇ ಹಾಸಿಗೆ ಹಿಡಿದ. ಎರಡು ವರ್ಷದೊಳಗೆ ತೀರಿಕೊಂಡ.

ಬಂದೂಕಿನ ಗುರಿಯಲ್ಲಿ ಬೇಡರನ್ನು ಮೀರಿಸುವವರು ಕಡಿಮೆ ಎಂಬ ಮಾತು ದಖ್ಖನಿನಲ್ಲೆಲ್ಲ ಹರಡಿತ್ತು. ದೊಡ್ಡ ದೊಡ್ಡ ಸೈನ್ಯಗಳು ಇವರನ್ನು ಕಾಲಾಳುಗಳಾಗಿ ಸೇರಿಸಿಕೊಳ್ಳುತ್ತಿದ್ದವು. ಹುಟ್ಟಿನಿಂದಲೇ ಯಾರಿಗೂ ಗುರಿ ಬರುವುದಿಲ್ಲ. ಯಾರೋ ಕಲಿಸಿದ್ದಾರೆ, ಯಾರೋ ಬೆವರು ಸುರಿಸಿ ಕಲಿತಿದ್ದಾರೆ. ನಮ್ಮ ಚರಿತ್ರೆಯ ಪುಸ್ತಕಗಳು ಗೆದ್ದವರ ಹೆಸರು ಹೇಳುತ್ತವೆ, ಕಲಿಸಿದವರ ಹೆಸರು ಹೇಳುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಕಲಿಸುವ ಪದ್ಧತಿ ಮಾತ್ರ ನಮ್ಮಲ್ಲಿ ಹಳೆಯದು, ಬರಹಕ್ಕೂ ಇಳಿದದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದ, ಮಲ್ಲವಿನೋದ ಎಂದು ಬೇರೆ ಬೇರೆ ಭಾಗಗಳೇ ಇವೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಬೇಕು, ಅವರಿಗೆ ಒಳ್ಳೆಯ ಊಟ ಹಾಕಬೇಕು, ಭಾರ ಎತ್ತಿಸಬೇಕು, ಈಜಿಸಬೇಕು, ಕಂಬದ ಮೇಲೆ ಸಾಧನೆ ಮಾಡಿಸಬೇಕು ಎಂದು ಅದರಲ್ಲಿದೆ. ಆಟದ ಅಂಗಳದಲ್ಲಿ ಇಂದು ನಾವು ನೋಡುವ ಮಲ್ಲಕಂಬದ ಬೇರು ಅಷ್ಟು ಹಿಂದಿನದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವನ್ನು ವಿವರಿಸಿದ್ದಾನೆ. ಬೆಳಕು ಹರಿಯುವ ಮೊದಲೇ ದೊರೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತುತ್ತಿದ್ದ. ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುವುತ್ತಿದ್ದ, ಆಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ, ಅದು ಮುಗಿದ ಮೇಲೆ ಕುದುರೆ ಸವಾರಿ. ಸಾಮ್ರಾಜ್ಯ ಆಳುವ ದೊರೆಗೂ ಸಾಧನೆ ತಪ್ಪಿರಲಿಲ್ಲ!

ಈ ಪರಂಪರೆಗೆ ದೊಡ್ಡ ಏಟು ಬಿದ್ದದ್ದು 1857ರಲ್ಲಿ. ಆಯುಧಗಳನ್ನು ಒಪ್ಪಿಸಬೇಕೆಂದು ಬ್ರಿಟಿಷರು ಆಜ್ಞೆ ಹೊರಡಿಸಿದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಮರು ವರ್ಷ ಫೆಬ್ರವರಿಯಲ್ಲಿ ನಮ್ಮ ಸುರಪುರದ ರಾಜಾ ವೆಂಕಟಪ್ಪನಾಯಕ ಎದ್ದು ನಿಂತ. ಅವನನ್ನು ಬಾಲ್ಯದಿಂದ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಹೋರಾಟ ಮುರಿದುಬಿತ್ತು. ಸೆರೆಯಾಳಾಗಿ ಸಾಗುವ ದಾರಿಯಲ್ಲಿ ಗುಂಡು ತಗುಲಿ ಆ ತರುಣ ಅರಸ ತೀರಿಕೊಂಡ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಆಯುಧ ಕಸಿದುಕೊಂಡರು, ವಿದ್ಯೆ ಕಸಿದುಕೊಳ್ಳಲು ಆಗಲಿಲ್ಲ. ಅದು ಗರಡಿಮನೆಗೆ ಹೋಯಿತು, ಹಬ್ಬ ಜಾತ್ರೆಗಳಿಗೆ ಹೋಯಿತು. ಹದ ಮಾಡಿದ ಕೆಂಪು ಮಣ್ಣು, ಗೋಡೆಯ ಗೂಡಿನಲ್ಲಿ ಹಣಮಪ್ಪ, ಎದುರಿಗೆ ಕಲಿಸುವ ವಸ್ತಾದರು: ದಂಡ, ಬೈಠಕು, ಲೋಡು, ಗದೆ. ಉಗಾದಿಗೆ, ಜಾತ್ರೆಗೆ ಸಂಗ್ರಾಣಿ ಕಲ್ಲು ಎತ್ತುವುದು, ಉಸುಕಿನ ಚೀಲ ಹೊರುವುದು, ಮೊಹರಂ ದಿನ ಹಲವು ಊರುಗಳಲ್ಲಿ ಕೋಲು ಕತ್ತಿಯ ವರಸೆ. ಹಿಂದೂ ವಸ್ತಾದರ ಕೈಯಲ್ಲಿ ಮುಸಲ್ಮಾನರ ಹುಡುಗರು, ಮುಸಲ್ಮಾನ ವಸ್ತಾದರ ಕೈಯಲ್ಲಿ ಹಿಂದೂ ಹುಡುಗರು ಪಳಗಿದ ಮಣ್ಣು ಅದು. ಆ ಮಣ್ಣಿನಲ್ಲಿ ಜಾತಿ ಕೇಳಿದವರಿಗಿಂತ ಪಟ್ಟು ಕೇಳಿದವರೇ ಹೆಚ್ಚು.

ಬೇರೆ ಸೀಮೆಯವರು ಏನು ಮಾಡಿದರು ನೋಡಿ. ಮಲಬಾರಿನಲ್ಲಿ ಬ್ರಿಟಿಷರ ಕಾಲಕ್ಕೆ ಸೊರಗಿದ್ದ ಕಳರಿಪಯಟ್ಟನ್ನು 1930ರ ದಶಕದ ಹೊತ್ತಿಗೆ ಕೋಟಕ್ಕಲ್ ಕಣಾರನ್ ಗುರುಕ್ಕಳ್, ಸಿ.ವಿ. ನಾರಾಯಣನ್ ನಾಯರ್ ಅಂಥವರು ಮತ್ತೆ ಎತ್ತಿ ನಿಲ್ಲಿಸಿದರು. 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಆ ಕಳರಿಯ ಜೊತೆ ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್‌ತಾ, ಮಲ್ಲಕಂಬ ಎಲ್ಲವೂ ಇದ್ದವು. ಯುರೋಪಿನಲ್ಲಿ ಇಟಲಿಯ ಕತ್ತಿಗುರು ಫಿಯೊರೆ 1409–10ರ ಸುಮಾರಿಗೆ ಚಿತ್ರ ಸಮೇತ ಮಾಡಿಟ್ಟ ಗ್ರಂಥ ನೋಡಿಕೊಂಡು ಇಂದಿನ ತರುಣ ತರುಣಿಯರು ಕತ್ತಿ ಹಿಡಿಯುವುದು ಕಲಿಯುತ್ತಿದ್ದಾರೆ. ನಮ್ಮ ಬಾಗಲಕೋಟೆಯ ತುಳಸಿಗೇರಿ, ಗದಗಿನ ಲಕ್ಷ್ಮೇಶ್ವರ ಮಲ್ಲಕಂಬವನ್ನು ಕೈಬಿಡದೆ ಉಳಿಸಿಕೊಂಡಿವೆ. ಆ ಊರುಗಳಿಗೆ ದೊಡ್ಡ ನಮಸ್ಕಾರ.

ನಮ್ಮ ರಾಜ್ಯದಲ್ಲಿ ಹಾಸ್ಟೆಲಿನ ಹೆಣ್ಣುಮಕ್ಕಳಿಗೆ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆ ಕಲಿಸುತ್ತಾರೆ. ಬಹಳ ಒಳ್ಳೆಯ ಕೆಲಸ. ಅಲ್ಲಿ ಹೆಚ್ಚಾಗಿ ಕಾಣುವುದು ಕರಾಟೆ. ಕರಾಟೆ ಇರಲಿ, ಅದೂ ವಿದ್ಯೆಯೇ. ಆದರೆ ಚಿತ್ರದುರ್ಗದ ಆ ತಾಯಿ ಕೈಗೆ ಸಿಕ್ಕ ಒನಕೆಯನ್ನೇ ಆಯುಧ ಮಾಡಿಕೊಂಡವಳು. ಅವಳ ಹೆಸರು ಹೊತ್ತ ತರಗತಿಯಲ್ಲಿ ನಮ್ಮ ಕೋಲಿನ ವರಸೆಗೂ ಒಂದು ಗಂಟೆ ಸಿಗಬೇಕು. ಇಷ್ಟು ದಿನ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು, ಅದು ತಪ್ಪು. ಅದನ್ನು ತೆರೆಯುವ ಕೆಲಸ ಶಾಲೆಯಿಂದಲೇ ಆಗಲಿ.

ನಿಮ್ಮೂರಲ್ಲಿ ಮುಪ್ಪಾದ ವಸ್ತಾದರು ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ. ಅವರು ಬಲ್ಲ ಪಟ್ಟುಗಳ ಹೆಸರು ಬರೆದುಕೊಳ್ಳಿ, ವರಸೆಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆಮೇಲೆ ಶಾಲೆಯ ಹೆಡ್‌ಮಾಸ್ತರರನ್ನು ಕಂಡು, ವಾರಕ್ಕೊಂದು ದಿನ ಆ ವಸ್ತಾದರನ್ನು ಮಕ್ಕಳ ಮುಂದೆ ಕರೆಸಿರಿ ಎಂದು ಕೇಳಿ.