ಗ್ರಾಮ ಪಂಚಾಯಿತಿಯ ಮಾಮೂಲಿ ಸಭೆ ಮತ್ತು ನಮ್ಮ ಸಹಕಾರ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದಲ್ಲಿ ಸಹಕಾರದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪದ ವಿಚಾರವನ್ನು ನಿನ್ನೆ ಮತ್ತು ಇವತ್ತು ಸೇರಿ ಮೂರು ಜನ ಹೇಳಿಯಾಗಿದೆ, ಮತ್ತೆ ನಾವೂ ಅದನ್ನೇ ಹೇಳಿದರೆ ನೀವು ಎದ್ದು ಊಟದ ಪಂಕ್ತಿಗೆ ಹೋಗಿಬಿಡುತ್ತೀರಿ. ಅದಕ್ಕೇ ನಮಗೆ ಗೊತ್ತಿರುವ ವಿಷಯ ತೆಗೆದುಕೊಂಡಿದ್ದೇವೆ. ಪಂಚಾಯಿತಿಯಲ್ಲಿ ಸದಸ್ಯರಾಗಿ ಕೂತು ಎದ್ದವರು ನಾವು. ಅಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡ್ತಾರೆ ಅಂತ ಹೊರಗಿನವರಿಗೆ ಯಾವಾಗಲೂ ಒಂದು ಅನುಮಾನ. ಬಾಗಿಲು ಹಾಕಿರುವುದಿಲ್ಲ, ಅದು ಮೊದಲನೇ ಮಾತು. ಎರಡನೆಯದು, ಅಲ್ಲಿ ನಡೆಯುವುದರಲ್ಲಿ ಮುಕ್ಕಾಲು ಪಾಲು ಬಹಳ ಬೇಸರದ ಕೆಲಸ. ಆದರೆ ಊರಿನ ನೀರು, ದಾರಿ, ದೀಪ ನಿಂತಿರುವುದು ಆ ಬೇಸರದ ಕೆಲಸದ ಮೇಲೆಯೇ.

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆರು ಸಾವಿರ ಜನರಿರುವ ಪಂಚಾಯಿತಿಗೆ ಹದಿನೈದು ಜನ. ಎರಡು ತಿಂಗಳಿಗೊಮ್ಮೆಯಾದರೂ ಸಭೆ ಸೇರಲೇಬೇಕು. ಸಾಮಾನ್ಯ ಸಭೆಯಾದರೆ ಏಳು ದಿನ ಮುಂಚೆ, ವಿಶೇಷ ಸಭೆಯಾದರೆ ಮೂರು ದಿನ ಮುಂಚೆ ನೋಟೀಸು ಮುಟ್ಟಬೇಕು. ನೋಟೀಸಿನ ಜೊತೆ ವಿಷಯಪಟ್ಟಿ. ಅದನ್ನು ನೀವು ಯಾರಾದರೂ ಓದಿದ್ದೀರಾ? ಎಲ್ಲಾ ಪಂಚಾಯಿತಿಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಜಮಾ-ಖರ್ಚು ಓದಿ ಅಂಗೀಕರಿಸುವುದು. ಸರ್ಕಾರದಿಂದ ಬಂದ ಸುತ್ತೋಲೆಗಳು. ಸಾರ್ವಜನಿಕರಿಂದ ಬಂದ ಅರ್ಜಿಗಳು. ಕುಡಿಯುವ ನೀರು. ಕಡೆಗೆ, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು. ಈ 'ಇತರೆ' ಅನ್ನುವುದಿದೆಯಲ್ಲ, ಊರಿನ ಜಗಳವೆಲ್ಲಾ ಅದರೊಳಗೇ ಇರುತ್ತದೆ. ಚರಂಡಿ ಯಾರ ಮನೆ ಮುಂದೆ ನಿಲ್ಲಬೇಕು, ಯಾರ ಮನೆ ಮುಂದೆ ಹಾದು ಹೋಗಬೇಕು ಅನ್ನುವುದು ಯಾವತ್ತೂ ಪಟ್ಟಿಯ ಮೊದಲಲ್ಲಿ ಬರುವುದಿಲ್ಲ.

ಜಮಾ-ಖರ್ಚಿನ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮನೆ ಕಂದಾಯ ಅಂತ ನೀವು ಕಟ್ಟುತ್ತೀರಿ. ರಸೀತಿ ತಿರುಗಿಸಿ ನೋಡಿ, ಬರೀ ಕಂದಾಯ ಇರುವುದಿಲ್ಲ. ಗ್ರಂಥಾಲಯದ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3, ಇವಲ್ಲದೆ ಇನ್ನೂ ಕೆಲವು. ಸಾವಿರ ರೂಪಾಯಿ ಕಂದಾಯಕ್ಕೆ 60 ರೂಪಾಯಿ ಪುಸ್ತಕಕ್ಕೆ, 30 ರೂಪಾಯಿ ಭಿಕ್ಷುಕರಿಗೆ. ಅದು ಪಂಚಾಯಿತಿಯ ದುಡ್ಡಲ್ಲ, ವಸೂಲಿ ಮಾಡಿ ದಾಟಿಸುವ ದುಡ್ಡು. ಕಂದಾಯ ಕಟ್ಟುವಾಗ ಬಿಲ್ ಕಲೆಕ್ಟರನ್ನು ಬೈಯುವವರು ಇದನ್ನು ತಿಳಿದು ಬೈಯ್ಯಬೇಕು. ಉಳಿದದ್ದರಲ್ಲಿ ನೀರುಗಂಟಿಯ ಸಂಬಳ, ಕಸ ಗುಡಿಸುವವರ ಸಂಬಳ, ಸುಟ್ಟ ಮೋಟಾರಿಗೆ ವೈಂಡಿಂಗು, ಸ್ಟಾರ್ಟರು, ಬಲ್ಬು. ಸರ್ಕಾರದಿಂದ ಬರುವ ಅನುದಾನ ಬೇರೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿತ್ತು. ಉಳಿದ 40ರಲ್ಲಿ ಮಾತ್ರ ಸದಸ್ಯರ ಆಯ್ಕೆ. ನಮ್ಮ ಬೀದಿಗೆ ಕಾಂಕ್ರೀಟು ಯಾಕೆ ಹಾಕಲಿಲ್ಲ ಅಂತ ಕೇಳುವ ಮುಂಚೆ ಈ ಲೆಕ್ಕ ಕೇಳುವುದು ಒಳ್ಳೆಯದು.

ಇನ್ನು ಕರೆಂಟ್ ಬಿಲ್ಲು. ಬೀದಿದೀಪ, ಕೊಳವೆಬಾವಿ ಎರಡರದ್ದೂ ಪಂಚಾಯಿತಿ ತಲೆ ಮೇಲೆ. ಬೋರಿನಲ್ಲಿ ನೀರು ಕೆಳಗೆ ಹೋದಷ್ಟೂ ಮೋಟಾರಿನ ಎಚ್.ಪಿ. ಏರುತ್ತದೆ, ಎಚ್.ಪಿ. ಏರಿದಷ್ಟೂ ಬಿಲ್ಲು ಏರುತ್ತದೆ. ಹಗಲು ಹನ್ನೊಂದು ಗಂಟೆಗೂ ಉರಿಯುವ ಬೀದಿದೀಪ ನೋಡಿ ನಮ್ಮಲ್ಲಿ ಯಾರಿಗೂ ಹೊಟ್ಟೆ ಉರಿಯುವುದಿಲ್ಲ, ಯಾಕೆಂದರೆ ಅದರ ಬಿಲ್ಲು ನಮ್ಮ ಮನೆಗೆ ಬರುವುದಿಲ್ಲವಲ್ಲ! ಆ ದುಡ್ಡಿನಲ್ಲಿ ಬೇಸಿಗೆಗೆ ಎರಡು ದನದ ತೊಟ್ಟಿ ಆಗುತ್ತಿತ್ತು ಅಂತ ಸಭೆಯಲ್ಲಿ ಲೆಕ್ಕ ಹಾಕಿ ತೋರಿಸಿದವರು ಒಬ್ಬ ಹೆಣ್ಣುಮಗಳು. ಗಂಡಸರು ಯಾರೂ ಅಲ್ಲ. 1987ರ ಮಂಡಲ ಪಂಚಾಯಿತಿಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ, 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗ, 2010ರ ಚುನಾವಣೆಯಿಂದ ಅರ್ಧ. ಮೊದಮೊದಲು ಗಂಡ ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದ, ಹೆಂಡತಿ ಒಳಗೆ ಸಹಿ ಮಾಡುತ್ತಿದ್ದಳು. ಅದು ಪೂರಾ ಹೋಗಿದೆ ಅಂತ ಹೇಳುವುದಿಲ್ಲ. ಆದರೆ ನೀರಿನ ವಿಷಯ ಬಂದಾಗ ನಡವಳಿ ಪುಸ್ತಕದಲ್ಲಿ ಸೂಚಕರು, ಅನುಮೋದಕರು ಎರಡೂ ಕಡೆ ಹೆಂಗಸರ ಹೆಸರೇ ಇರುವುದನ್ನು ನಾವು ಕಂಡಿದ್ದೇವೆ. ಕೊಡ ಹೊತ್ತವರಿಗೆ ಗೊತ್ತು.

ಒಂದು ಹೊರದೇಶದ ಮಾತು ಹೇಳುತ್ತೇವೆ. ಬೇಸರ ಮಾಡಿಕೊಳ್ಳಬೇಡಿ, ಬೇಗ ವಾಪಸ್ಸು ಬರುತ್ತೇವೆ. ಅಮೆರಿಕದಲ್ಲಿ ಅಯೋವಾ ಅಂತ ಒಂದು ರಾಜ್ಯ, ಮುಸುಕಿನ ಜೋಳ, ಸೋಯಾ, ಹಂದಿ ಸಾಕಣೆ, ಪೂರ್ತಿ ಬೇಸಾಯದ ಸೀಮೆ. ಅಲ್ಲಿ 99 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆ ಅನ್ನಿ, ಜನಸಂಖ್ಯೆ ನೋಡಿದರೆ ಎಷ್ಟೋ ಕೌಂಟಿಗಳು ನಮ್ಮ ಒಂದು ಹೋಬಳಿಯಷ್ಟು. ಅದನ್ನು ನಡೆಸುವ ಬೋರ್ಡಿಗೆ ಬರೀ ಮೂರು ಇಲ್ಲವೇ ಐದು ಜನ, ಜನರೇ ಆರಿಸಿದವರು. ಅವರ ಸಭೆಯಲ್ಲಿ ಏನಿರುತ್ತದೆ ಗೊತ್ತೇ? ಹಿಂದಿನ ಸಭೆಯ ನಡವಳಿ. ಬಿಲ್ಲುಗಳು. ಜಲ್ಲಿ ರಸ್ತೆ, ಸೇತುವೆ, ಹೊಲದ ನೀರು ಬಸಿಯುವ ಕಾಲುವೆ. ಹೊಲಗದ್ದೆಯ ಕೆಟ್ಟ ಕಳೆ ಹತೋಟಿಗೆ ಕೌಂಟಿಗೊಬ್ಬ ಕಳೆ ಅಧಿಕಾರಿಯನ್ನೂ ಬೋರ್ಡೇ ನೇಮಿಸುತ್ತದೆ! ನಮ್ಮ ಕಾಂಗ್ರೆಸ್ ಹುಲ್ಲಿಗೆ ಅಂಥ ಒಬ್ಬ ಅಧಿಕಾರಿ ಬಂದರೆ ಅವನಿಗೆ ಊಟಕ್ಕೆ ಬಿಡುವು ಸಿಗುವುದಿಲ್ಲ. ಇರಲಿ. ಮುಖ್ಯ ಮಾತು ಬೇರೆ. ಆ ಬೋರ್ಡು ತನ್ನ ಸಭೆಯ ನಡವಳಿಯನ್ನೂ ಮಂಜೂರು ಮಾಡಿದ ಬಿಲ್ಲುಗಳ ಪಟ್ಟಿಯನ್ನೂ ಊರಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು, ಅದು ಅಲ್ಲಿನ ಕಾನೂನು. ಯಾರಿಗೆ ಎಷ್ಟು ಹಣ ಕೊಡಲಾಯಿತು ಅನ್ನುವುದು ಕಾಫಿ ಕುಡಿಯುತ್ತಾ ಓದುವವರ ಕೈಗೆ ಬರುತ್ತದೆ.

ನಮ್ಮಲ್ಲಿ ಅಂಥದ್ದು ಇಲ್ಲವೇ? ಇದೆ. ಅದಕ್ಕೆ ಜಮಾಬಂದಿ ಅಂತ ಹೆಸರು. ಪ್ರತಿ ವರ್ಷ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನೊಳಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಿ, ಕಾಮಗಾರಿಯನ್ನು ಸ್ಥಳಕ್ಕೆ ಹೋಗಿ ತೋರಿಸಬೇಕು. ಜಮಾಬಂದಿಯ ದಿನ ಎಷ್ಟು ಜನ ಬರುತ್ತಾರೆ? ಸದಸ್ಯರು, ಸಿಬ್ಬಂದಿ, ಶಾಮಿಯಾನದವನು, ಟೀ ಕೊಡುವ ಹುಡುಗ. ಎರಡನೇ ಶನಿವಾರದ ಸಂತೆಗೆ ಬರುವ ಜನದಲ್ಲಿ ಹತ್ತನೇ ಒಂದು ಪಾಲು ಬಂದರೆ ಸಾಕಿತ್ತು. ಆರು ತಿಂಗಳಿಗೊಮ್ಮೆ ನಡೆಯಬೇಕಾದ ಗ್ರಾಮಸಭೆಯ ಕಥೆಯೂ ಇದೇ. ಮನೆ ಕೊಡುವ ಪಟ್ಟಿ ಇದ್ದರೆ ಜಾಗ ಸಾಲದು, ಲೆಕ್ಕ ಓದುವುದಿದ್ದರೆ ಕುರ್ಚಿ ಖಾಲಿ.

ಕೌಂಟಿಗೆ ಸಮನಾದದ್ದು ನಮ್ಮಲ್ಲಿ ಜಿಲ್ಲಾ ಪಂಚಾಯಿತಿ ಅಂದೆವಲ್ಲ, ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1983ರ ಕಾಯ್ದೆ ಬಂದಾಗ ನೀರ್ ಸಾಬ್ ಅಂತ ಊರೂರಲ್ಲಿ ಹೆಸರಾಗಿದ್ದ ಅಬ್ದುಲ್ ನಜೀರ್ ಸಾಬರು ಅದರ ಬೆನ್ನಿಗೆ ನಿಂತಿದ್ದರು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿ ಪರಿಷತ್ತಿನ ಮುಖ್ಯ ಕಾರ್ಯದರ್ಶಿ. ಆಗಿನ ದಿನ ನೋಡಿದ ಹಿರಿಯರು ಈ ಸಭೆಯಲ್ಲಿ ಕೂತಿದ್ದಾರೆ, ಅವರನ್ನು ಕೇಳಿ. ಆಮೇಲೆ ಏನಾಯಿತು? 2016ರಲ್ಲಿ ಆರಿಸಿ ಬಂದ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಚುನಾವಣೆ ವರ್ಷ ವರ್ಷ ಮುಂದಕ್ಕೆ ಹೋಯಿತು. ಅಷ್ಟು ಕಾಲ ಅಧಿಕಾರಿಗಳೇ ನಡೆಸಿದರು. ಅವರ ಮೇಲೆ ನಮಗೆ ದೂರಿಲ್ಲ, ಕೆಲಸ ಮಾಡಿದ್ದಾರೆ. ಆದರೆ ಸಭೆಯೇ ಇಲ್ಲದ ಮೇಲೆ ನಡವಳಿ ಎಲ್ಲಿಂದ ಬರಬೇಕು? ನಮ್ಮ ಊರಿನ ಪಶು ಆಸ್ಪತ್ರೆಗೆ ಡಾಕ್ಟರು ಬೇಕು ಅಂತ ಎದ್ದು ನಿಂತು ಕೇಳುವ ಒಬ್ಬ ಸದಸ್ಯ ಇಲ್ಲದೆ ಹೋದ. ಇದೇ ಸಂಘದಲ್ಲಿ ಆಡಳಿತ ಮಂಡಳಿ ಇಲ್ಲದೆ ಒಂದು ವರ್ಷ ಆಡಳಿತಾಧಿಕಾರಿ ಬಂದು ಕೂತರೆ ನೀವು ಸುಮ್ಮನಿರುತ್ತೀರಾ? ಎರಡನೇ ದಿನವೇ ಕ್ಯಾನು ಹಿಡಿದುಕೊಂಡು ರಸ್ತೆಗೆ ಬರುತ್ತೀರಿ. ಜಿಲ್ಲಾ ಪಂಚಾಯಿತಿಗೆ ಯಾರೂ ಬರಲಿಲ್ಲ.

ಈಗ ನಾವು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇವೆ. ಗ್ರಾಮ ಪಂಚಾಯಿತಿಗೆ ಕಾಯ್ದೆಯ 61ನೇ ಪ್ರಕರಣದ ಪ್ರಕಾರ ಮೂರು ಸ್ಥಾಯಿ ಸಮಿತಿಗಳು: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯಗಳ ಸಮಿತಿ. ಒಂದೊಂದರಲ್ಲೂ ಮೂರರಿಂದ ಐದು ಜನ. ಉತ್ಪಾದನಾ ಸಮಿತಿಯ ಕೆಲಸ ಬೇಸಾಯ, ಪಶುಸಂಗೋಪನೆ, ಗ್ರಾಮ ಕೈಗಾರಿಕೆ, ಬಡತನ ನಿವಾರಣೆ. ಅದೇ ಪ್ರಕರಣದಲ್ಲಿ ಇನ್ನೊಂದು ಸಾಲಿದೆ. ಈ ಸಮಿತಿಗೆ ಸಹಕಾರ ಸಂಘಗಳ ಒಬ್ಬ ಪ್ರತಿನಿಧಿಯನ್ನು ಸೇರಿಸಿಕೊಳ್ಳತಕ್ಕದ್ದು. ಸೇರಿಸಿಕೊಳ್ಳಬಹುದು ಅಂತಲ್ಲ, ಸೇರಿಸಿಕೊಳ್ಳತಕ್ಕದ್ದು. ರೈತ ಕೂಟ, ಮಹಿಳಾ ಮಂಡಲ, ಯುವಕ ಮಂಡಲದವರನ್ನು ಬೇಕಾದರೆ ಸೇರಿಸಿಕೊಳ್ಳಬಹುದು ಅಂತಿದೆ. ಸಹಕಾರ ಸಂಘಕ್ಕೆ ಮಾತ್ರ ಖಾಯಂ ಜಾಗ. ಕಾಯ್ದೆ ಬರೆದವರು ಯೋಚನೆ ಮಾಡಿಯೇ ಬರೆದಿದ್ದಾರೆ. ಊರಿನಲ್ಲಿ ಎಷ್ಟು ಹಸು, ಎಷ್ಟು ಎಮ್ಮೆ, ಯಾವ ತಿಂಗಳು ಮೇವಿನ ಬರ, ಯಾರ ಮನೆಯ ಹಾಲು ಇದ್ದಕ್ಕಿದ್ದ ಹಾಗೆ ಅರ್ಧಕ್ಕಿಳಿಯಿತು, ಇದು ಪಂಚಾಯಿತಿಯ ಯಾವ ರಿಜಿಸ್ಟರಿನಲ್ಲೂ ಇಲ್ಲ. ನಮ್ಮ ಸಂಘದ ಹಾಲಿನ ಪುಸ್ತಕದಲ್ಲಿದೆ, ದಿನಕ್ಕೆರಡು ಹೊತ್ತು, ಇಪ್ಪತ್ತೈದು ವರ್ಷದ್ದು.

ಆ ಜಾಗದಲ್ಲಿ ನಮ್ಮ ಸಂಘದವರು ಯಾರು ಕೂತಿದ್ದಾರೆ? ಯಾರೂ ಇಲ್ಲ. ಪಂಚಾಯಿತಿಯವರು ಕರೆಯಲಿಲ್ಲ, ಸಂಘದವರು ಕೇಳಲಿಲ್ಲ. ಇಬ್ಬರೂ ಒಂದೇ ಅಶ್ವತ್ಥಕಟ್ಟೆಯ ಮೇಲೆ ಸಾಯಂಕಾಲ ಕೂರುವವರು!

ಇದರಿಂದ ಏನು ಕಳೆದುಕೊಳ್ಳುತ್ತೇವೆ ಅಂತ ಕೇಳಬಹುದು. ಗೋಮಾಳವನ್ನೇ ತೆಗೆದುಕೊಳ್ಳಿ. ಹುಲ್ಲುಗಾವಲನ್ನು ಬೆಳೆಸುವುದು, ಅದು ಅನ್ಯರ ಪಾಲಾಗದಂತೆ, ಬೇರೆ ಕೆಲಸಕ್ಕೆ ಹೋಗದಂತೆ ತಡೆಯುವುದು ಗ್ರಾಮ ಪಂಚಾಯಿತಿಯ ಕರ್ತವ್ಯಗಳ ಪಟ್ಟಿಯಲ್ಲೇ ಇದೆ. ಆದರೆ ಗೋಮಾಳದ ಒಂದು ಮೂಲೆ ಹೋದಾಗ ಸಭೆಯಲ್ಲಿ ಯಾರು ಮಾತಾಡುತ್ತಾರೆ? ಹದಿನೈದು ಜನರಲ್ಲಿ ದನ ಕಟ್ಟಿದವರು ಎಷ್ಟು? ಒಬ್ಬರ ಕಣ್ಣು ಸೈಟಿನ ಮೇಲೆ, ಇನ್ನೊಬ್ಬರದು ಸಮುದಾಯ ಭವನದ ಮೇಲೆ. ಎರಡೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಹಸು ವಾರ್ಡಿನ ಮತದಾರರ ಪಟ್ಟಿಯಲ್ಲಿ ಇಲ್ಲ. ಅದರ ಪರವಾಗಿ ಬಾಯಿ ಬಿಡುವವರು ಆ ಕೋಣೆಯಲ್ಲಿ ಇರಬೇಕು. ಹಾಗೆಯೇ ನೀರಿನ ತೊಟ್ಟಿ, ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನ ಡಂಗುರ, ಹಾಲಿನ ಡೇರಿಯ ದಾರಿಗೆ ಒಂದು ಮೋರಿ. ಮಳೆಗಾಲದಲ್ಲಿ ಆ ಮೋರಿ ಇಲ್ಲದೆ ಹಾಲಿನ ವಾಹನ ಮುಖ್ಯರಸ್ತೆಯಲ್ಲೇ ನಿಂತು, ಕ್ಯಾನುಗಳನ್ನು ತಲೆ ಮೇಲೆ ಹೊತ್ತುಕೊಂಡು ಹೋದದ್ದು ನಿಮಗೆಲ್ಲಾ ಗೊತ್ತಿರುವುದೇ. ಹಾಲು ಹುಳಿಯಾಗಿ ವಾಪಸ್ಸು ಬಂದರೆ ನಷ್ಟ ಪಂಚಾಯಿತಿಗಲ್ಲ.

ಕೆಲವರು ಹೇಳುತ್ತಾರೆ, ಸಂಘದೊಳಗೆ ರಾಜಕೀಯ ಬರುತ್ತದೆ, ನಮಗ್ಯಾಕೆ ಪಂಚಾಯಿತಿ ಸಹವಾಸ ಅಂತ. ಆ ಭಯ ಸುಳ್ಳಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಸೋತವರು ಸಂಘದ ಚುನಾವಣೆಗೆ ನಿಂತು ಲೆಕ್ಕ ತೀರಿಸಿಕೊಳ್ಳುವುದು ಎಲ್ಲಾ ಊರಲ್ಲೂ ಇದೆ. ಅದಕ್ಕೇ ನಮ್ಮ ಸೂಚನೆ, ಪ್ರತಿನಿಧಿಯಾಗಿ ಅಧ್ಯಕ್ಷರೇ ಹೋಗಬೇಕಾಗಿಲ್ಲ. ಲೆಕ್ಕ ಬಲ್ಲ, ಬಾಯಿ ಇರುವ, ಮುಂದೆ ಎಲ್ಲೂ ನಿಲ್ಲುವ ಆಸೆ ಇಲ್ಲದ ಒಬ್ಬ ಉತ್ಪಾದಕರು ಹೋಗಲಿ. ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು, ಬೆಳಗ್ಗೆ ಐದಕ್ಕೆ ಹಾಲು ಕರೆಯುವವರು ಅವರೇ ತಾನೇ. ಪ್ರತಿ ಸಭೆಗೆ ಹೋಗುವಾಗ ಒಂದು ಹಾಳೆಯಲ್ಲಿ ಎರಡೇ ಎರಡು ವಿಷಯ ಬರೆದುಕೊಂಡು ಹೋಗಲಿ. ಹತ್ತು ವಿಷಯ ಕೊಟ್ಟರೆ ಹತ್ತೂ 'ಪರಿಶೀಲಿಸಲು ತೀರ್ಮಾನಿಸಲಾಯಿತು' ಅಂತ ನಡವಳಿಯಲ್ಲಿ ಮಲಗಿಬಿಡುತ್ತವೆ. ಎರಡಾದರೆ ಮುಂದಿನ ಸಭೆಯಲ್ಲಿ 'ಏನಾಯಿತು?' ಅಂತ ಕೇಳಬಹುದು.

ಕಾಲವೂ ನೋಡಿಕೊಳ್ಳಬೇಕು. ಪಂಚಾಯಿತಿಯ ಆಯವ್ಯಯ ಮಾರ್ಚ್ 10ರೊಳಗೆ ಮಂಜೂರಾಗಬೇಕು. ಮೋರಿ ಬೇಕು, ತೊಟ್ಟಿ ಬೇಕು ಅಂತ ಏಪ್ರಿಲ್‌ನಲ್ಲಿ ಅರ್ಜಿ ಕೊಟ್ಟರೆ ಅದು ಮುಂದಿನ ವರ್ಷದ ಮಾತು. ಸಂಕ್ರಾಂತಿ ಕಳೆದ ಕೂಡಲೇ ಕೊಡಬೇಕು, ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. ಸ್ವೀಕೃತಿ ಇಲ್ಲದ ಅರ್ಜಿ ಗಾಳಿಗೆ ಹೇಳಿದ ಹಾಗೆ.

ಉತ್ಪಾದನಾ ಸಮಿತಿಗೆ ಪ್ರತಿನಿಧಿಯನ್ನು ತೆಗೆದುಕೊಳ್ಳುವಂತೆ ಕೋರುವ ಪತ್ರದ ಕರಡು ನಮ್ಮ ಜೇಬಿನಲ್ಲೇ ಇದೆ. ಗೋಷ್ಠಿ ಮುಗಿದ ಮೇಲೆ ಕಾರ್ಯದರ್ಶಿಗಳ ಕೈಗೆ ಕೊಡುತ್ತೇವೆ. ಆಡಳಿತ ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಬೇಕು, 'ಇತರೆ' ಕೆಳಗಲ್ಲ, ಮೊದಲ ಮೂರು ವಿಷಯಗಳಲ್ಲಿ ಒಂದಾಗಿ. ಯಾರನ್ನು ಕಳಿಸಬೇಕು ಅನ್ನುವುದನ್ನು ಸರ್ವಸದಸ್ಯರ ಸಭೆ ಹೇಳಲಿ.